ಇಂದಿನ ಧಮ್ಮ ಚಿಂತನೆ: ಹಲಗೆ ಮತ್ತು ಚೇತನ





"ನಮ್ಮ ಮಕ್ಕಳು ಹಲಗೆ ಕಲಿಯಬಹುದೇ?" ಎಂದು ಭಾನುವಾರದ ವಂದನೆಯ ನಂತರ ತಾಯಿಯೊಬ್ಬರು ಕೇಳಿದರು. ಇದು ಸಣ್ಣ ಪ್ರಶ್ನೆಯಲ್ಲ. ನಮ್ಮ ಅಜ್ಜಂದಿರು ಊರ ಜಾತ್ರೆಗೂ ಸಾವಿಗೂ ಹಲಗೆ ಬಾರಿಸಿದರು. ಅದು ಬಿಟ್ಟಿ ಚಾಕರಿ. ದೇವರ ಮೆರವಣಿಗೆಗೆ ಅವರ ಸದ್ದು ಬೇಕಿತ್ತು, ಗುಡಿಯೊಳಗೆ ಅವರ ಕಾಲು ಬೇಡವಾಗಿತ್ತು. ಅದಕ್ಕೇ ನಮ್ಮಪ್ಪ ಹಲಗೆಯನ್ನು ಮುಟ್ಟಲೇ ಇಲ್ಲ.

ಅಮೆರಿಕದ ಕಪ್ಪು ಜನರೂ ಇಂಥದ್ದನ್ನೇ ಉಂಡವರು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ಕಾಟನ್ ಕ್ಲಬ್‌ನಲ್ಲಿ 1927ರಿಂದ ಡ್ಯೂಕ್ ಎಲಿಂಗ್ಟನ್ ಅವರ ತಂಡ ಜಾಝ್ ನುಡಿಸಿತು. ವೇದಿಕೆ ಕಪ್ಪು ಕಲಾವಿದರದು, ಕುರ್ಚಿಗಳು ಬಿಳಿಯರವು. 1938ರಲ್ಲಿ ಬಾರ್ನಿ ಜೋಸೆಫ್‌ಸನ್ ಅದೇ ನಗರದಲ್ಲಿ ಕೆಫೆ ಸೊಸೈಟಿ ತೆರೆದು ಇಬ್ಬರನ್ನೂ ಒಟ್ಟಿಗೆ ಕೂರಿಸಿದರು. ಮರುವರ್ಷ ಬಿಲ್ಲಿ ಹಾಲಿಡೇ ಅಲ್ಲೇ ನಿಂತು, ಮರಕ್ಕೆ ನೇತುಹಾಕಿ ಕೊಂದ ತಮ್ಮ ಜನರ ಬಗ್ಗೆ ಹಾಡಿದರು.

ಕಳೆದ ವರ್ಷ ತಮ್ಮನ ಮನೆಗೆ ಹೋದಾಗ ಆ ನಗರದ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ಒಂದು ಸೋಮವಾರ ರಾತ್ರಿ ಕೂತಿದ್ದೆ. 1935ರಿಂದ ಅದೇ ನೆಲಮಾಳಿಗೆಯಲ್ಲಿದೆ. ಕಿರಿದಾದ ಮೆಟ್ಟಿಲು, ನೂರಿಪ್ಪತ್ತರಷ್ಟು ಜನಕ್ಕೆ ಜಾಗ. ಸೋಮವಾರಗಳಂದು ಅಲ್ಲಿ ದೊಡ್ಡ ವಾದ್ಯತಂಡ ನುಡಿಸುವ ರೂಢಿ 1966ರಿಂದ ನಡೆದು ಬಂದಿದೆ. ಡ್ರಮ್ ಬಾರಿಸುವವರ ಸರದಿ ಬಂದಾಗ ಉಳಿದವರೆಲ್ಲ ತಮ್ಮ ವಾದ್ಯ ಇಳಿಸಿ ಕೇಳಿದರು. ಸಭೆಯಲ್ಲಿ ಒಂದು ಮಾತೂ ಇಲ್ಲ. ನಮ್ಮ ಹಲಗೆಯವರ ಮುಂದೆ ಊರು ಎಂದಾದರೂ ಹೀಗೆ ಸುಮ್ಮನೆ ಕೂತು ಕೇಳಿತ್ತೇ ಎಂದು ಯೋಚಿಸಿದೆ.

ಭಗವಾನ್ ಬುದ್ಧರು ಚೇತನವನ್ನೇ, ಅಂದರೆ ಮನಸ್ಸಿನ ಸಂಕಲ್ಪವನ್ನೇ, ಕಮ್ಮ ಎಂದರು. ಕೈ ಮಾಡುವ ಕೆಲಸ ಒಂದೇ ಆದರೂ ಅದರ ಹಿಂದಿನ ಮನಸ್ಸು ಬೇರೆಯಾದರೆ ಕಮ್ಮವೂ ಬೇರೆ. ಹೆದರಿ, ತಲೆ ತಗ್ಗಿಸಿ ಬಾರಿಸಿದ ಪೆಟ್ಟು ಬೇರೆ. ತಾನಾಗಿ ಕಲಿತು, ತಲೆ ಎತ್ತಿ ಬಾರಿಸಿದ ಪೆಟ್ಟು ಬೇರೆ. ಅಪ್ಪ ಬಿಟ್ಟದ್ದು ಗುಲಾಮಗಿರಿಯನ್ನು. ಅವರ ನಿರ್ಧಾರಕ್ಕೆ ಇಂದಿಗೂ ತಲೆಬಾಗುತ್ತೇನೆ. ಮಗು ಕಲಿಯಹೊರಟಿರುವುದು ಕಲೆಯನ್ನು.

ಆದ್ದರಿಂದ ಮೂರು ಪ್ರಶ್ನೆ ಕೇಳಿಕೊಳ್ಳೋಣ:

1. ಕರೆಯುತ್ತಿರುವುದು ಜಾತಿಯನ್ನು ನೋಡಿಯೋ, ಕಲೆಯನ್ನು ನೋಡಿಯೋ?
2. "ಬರುವುದಿಲ್ಲ" ಎನ್ನುವ ಸ್ವಾತಂತ್ರ್ಯ ನಮಗಿದೆಯೇ?
3. ಬಾರಿಸಿದ ಮೇಲೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸುತ್ತಾರೆಯೇ?

ಒಂದಕ್ಕೆ ಉತ್ತರ ತಪ್ಪಿದರೂ ಹಲಗೆ ಮನೆಯಲ್ಲೇ ಇರಲಿ.

ಶೀಲದ ಬಗ್ಗೆಯೂ ಒಂದು ಮಾತು. ಪಂಚಶೀಲದಲ್ಲಿ ಸಂಗೀತಕ್ಕೆ ತಡೆಯಿಲ್ಲ; ಉಪೋಸಥದಂದು ಅಷ್ಟಶೀಲ ಹಿಡಿದವರು ಮಾತ್ರ ಹಾಡು, ಕುಣಿತ, ವಾದ್ಯಗಳಿಂದ ದೂರವಿರುತ್ತಾರೆ. ಆದರೆ ಐದನೆಯ ಶೀಲ ಎಲ್ಲಿ ಹೋದರೂ ನಮ್ಮ ಜೊತೆಗೇ ಬರುತ್ತದೆ. ಆ ಕ್ಲಬ್ಬಿನಲ್ಲಿ ಮದ್ಯವೂ ಸಿಗುತ್ತದೆ, ಸೋಡಾವೂ ಸಿಗುತ್ತದೆ. ನಾನು ಸೋಡಾ ತರಿಸಿಕೊಂಡೆ.

ಇಂದಿನ ಅಭ್ಯಾಸ: ಮನೆಯ ಹಿರಿಯರ ಬಳಿ ಹತ್ತು ನಿಮಿಷ ಕೂತು, ಹಲಗೆ ಬಾರಿಸಿದ ಅಥವಾ ಬಿಟ್ಟ ಕಥೆಯನ್ನು ಕೇಳಿ. ನಡುವೆ ಮಾತಾಡಬೇಡಿ.

ಭವತು ಸಬ್ಬ ಮಂಗಲಂ. ಜೈ ಭೀಮ್.