ಕೇಪಿನ ಕೋವಿಗೆ ಗುರಿ ಕೂರಿಸುವುದು, ಕಬ್ಬಿಣಕ್ಕೆ ಹೊಡೆಯುವ ಮುನ್ನ ತಿಳಿಯಬೇಕಾದ್ದು

ಒಂದು ಚುನಾವಣೆ ಮುಗಿದು, ಠಾಣೆಯಲ್ಲಿಟ್ಟಿದ್ದ ಕೋವಿ ಮನೆಗೆ ಬಂದ ವಾರ. "ಗುರಿ ಸರಿ ಉಂಟಾ ಅಂತ ಒಮ್ಮೆ ನೋಡುವ ಭಾವ" ಅಂದರು ನೆರೆಮನೆಯವರು. ಗುಜರಿಯಿಂದ ತಂದ ಟ್ರ್ಯಾಕ್ಟರ್ ನೇಗಿಲಿನ ಹಳೆ ಡಿಸ್ಕ್ ಒಂದಿತ್ತು. ಅದನ್ನು ಗುಡ್ಡೆಯ ಗೇರು ಮರಕ್ಕೆ ಒರಗಿಸಿದೆವು. ಹದಿನೈದು ಹೆಜ್ಜೆ ದೂರ ನಿಂತು ಹೊಡೆದೆ. 'ಠಣ್' ಅಂದದ್ದೂ ನನ್ನ ಕೆನ್ನೆಗೆ ಕಣಜ ಹೊಡೆದ ಹಾಗಾದದ್ದೂ ಒಟ್ಟೊಟ್ಟಿಗೆ. ಕೈಹಾಕಿದರೆ ರಕ್ತ. ನನ್ನದೇ ಗುಂಡಿನ ಸೀಸದ ಚೂರು ಕಣ್ಣಿಗಿಂತ ಎರಡು ಬೆರಳು ಕೆಳಗೆ ಹೊಕ್ಕಿತ್ತು. ಕಣ್ಣು ಉಳಿದದ್ದು ನನ್ನ ಜಾಣತನದಿಂದ ಅಲ್ಲ.

ಮತ್ತೆ ಕೂತು ಯೋಚಿಸಿದಾಗ ನಾನು ಮಾಡಿದ ತಪ್ಪು ಒಂದಲ್ಲ, ನಾಲ್ಕೈದು ಅಂತ ಗೊತ್ತಾಯಿತು. ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದು ಕೇಪಿನ ಕೋವಿ ಇಟ್ಟುಕೊಂಡ ಕೃಷಿಕರು ನಮ್ಮಲ್ಲಿ ತುಂಬ ಮಂದಿ. ಬಹುಪಾಲು ಕೋವಿಗಳು ವರ್ಷವಿಡೀ ಮೂಲೆಯಲ್ಲಿದ್ದು, ಒಂದು ದಿನ ಅವಸರಕ್ಕೆ ಹೊರಬರುತ್ತವೆ. ಅಪಾಯ ಇರುವುದೇ ಅಲ್ಲಿ. ಹಾಗಾಗಿ ಈ ಪಾಠ.

ಮೊದಲು ಗಜಕ್ಕೆ ಎರಡು ಗುರುತು

ಬಾಯಿಯಿಂದ ಮದ್ದು ತುಂಬುವ ಕೋವಿ ಖಾಲಿಯೋ ತುಂಬಿದ್ದೋ ಹೊರಗಿನಿಂದ ಕಾಣುವುದಿಲ್ಲ. ಇದಕ್ಕೆ ಸುಲಭ ಉಪಾಯ ಗಜದಲ್ಲೇ ಉಂಟು. ನಳಿಗೆ ಖಾಲಿ ಇರುವುದು ಖಚಿತವಿದ್ದಾಗ ಗಜವನ್ನು ತಳದವರೆಗೆ ಇಳಿಸಿ, ನಳಿಗೆಯ ಬಾಯಿಗೆ ಸರಿಯಾಗಿ ಒಂದು ಗೀರು ಹಾಕಿ. ನಿಮ್ಮ ಮಾಮೂಲಿ ಈಡು ತುಂಬಿದ ಮೇಲೆ ಅಷ್ಟೇ ಸರಿಯಾಗಿ ಇನ್ನೊಂದು ಗೀರು. ಮೊದಲ ಗೀರು ಬಾಯಿಗೆ ಬಂದರೆ ಖಾಲಿ. ಎರಡನೆಯದು ಬಂದರೆ ಈಡು ಸರಿಯಾಗಿ ಕೂತಿದೆ. ಅದಕ್ಕಿಂತ ಮೇಲೆ ನಿಂತರೆ ಗುಂಡು ಅರ್ಧದಲ್ಲಿ ಸಿಕ್ಕಿಕೊಂಡಿದೆ, ಇಲ್ಲವೇ ಮರೆತು ಎರಡು ಸಲ ಮದ್ದು ಹಾಕಿದ್ದೀರಿ.

ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿಯಲೇಬಾರದು. ಉಳಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಗಜ ನೂಕುವಾಗ ಮುಖ, ಎದೆ ನಳಿಗೆಯ ಬಾಯಿಯ ನೇರಕ್ಕೆ ಬೇಡ. ಕೇಪು ಹಾಕುವುದು ಎಲ್ಲಕ್ಕಿಂತ ಕೊನೆಗೆ, ಗುರಿಯ ಕಡೆ ತಿರುಗಿ ನಿಂತ ಮೇಲೆ.

ಮಸಿಯೇ ತುಕ್ಕಿನ ಮೂಲ

ಕರಿಮದ್ದು ಉರಿದ ಮೇಲೆ ಉಳಿಯುವ ಮಸಿಯಲ್ಲಿ ಉಪ್ಪಿನಂಶ ಇರುತ್ತದೆ. ಅದು ಗಾಳಿಯ ತೇವ ಎಳೆಯುತ್ತದೆ. ನಮ್ಮ ಮಳೆಗಾಲದಲ್ಲಿ ಒಂದು ರಾತ್ರಿ ಬಿಟ್ಟರೂ ಸಾಕು, ಒಳಗೆ ತುಕ್ಕು ಶುರು. ಎಣ್ಣೆ ಹಚ್ಚಿದರೆ ಮಸಿ ಹೋಗುವುದಿಲ್ಲ, ಅದಕ್ಕೆ ನೀರೇ ಬೇಕು. ಹೊಡೆದ ದಿನವೇ ಸೋಪು ಬೆರೆಸಿದ ಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ, ಗಜಕ್ಕೆ ಸುತ್ತಿ, ಬಟ್ಟೆ ಬೆಳ್ಳಗೆ ಬರುವ ತನಕ ಎಳೆಯಿರಿ. ಆಮೇಲೆ ಒಣಬಟ್ಟೆ. ಕೊನೆಗೆ ತೆಳುವಾಗಿ ಎಣ್ಣೆ. ಮತ್ತೆ ತುಂಬುವ ಮೊದಲು ಆ ಎಣ್ಣೆಯನ್ನು ಪೂರ್ತಿ ಒರಸಿ ತೆಗೆಯಬೇಕು. ಈಡು ಹಾರದಿರುವುದಕ್ಕೆ ಎಷ್ಟೋ ಸಲ ಕಾರಣ ಕೇಪಲ್ಲ, ಮೊಳೆಯ ತೂತಿನಲ್ಲಿ ನಿಂತ ಎಣ್ಣೆ.

ಕೇಪು ಕೂರುವ ಮೊಳೆ, ಅಂದರೆ ನಿಪ್ಪಲ್ ಸವೆದರೆ ಕೇಪು ಸಡಿಲ ಕೂರುತ್ತದೆ. ಕೇಪನ್ನು ಬೆರಳಲ್ಲಿ ಹಿಚುಕಿ ಬಿಗಿ ಮಾಡಬೇಡಿ, ಮೊಳೆ ಬದಲಿಸಿ. ಅರ್ಧ ಎಳೆದ ಕುದುರೆ ತಟ್ಟಿದರೆ ಬೀಳುವುದಾದರೆ ಆ ಕೋವಿ ಅಂದಿನಿಂದಲೇ ಬಂದ್. ಅದರ ಒಳಕಚ್ಚನ್ನು ಅರದಲ್ಲಿ ಉಜ್ಜುವ ಕೆಲಸ ನಮ್ಮದಲ್ಲ. ಲೈಸೆನ್ಸ್ ಇರುವ ಕೋವಿ ರಿಪೇರಿಯವರದ್ದು.

ಒಂದು ಸಲಕ್ಕೆ ಒಂದೇ ಬದಲಾವಣೆ

ರೈಫಲ್ ನಳಿಗೆಯ ಒಳಗೆ ತಿರುಚಿದ ಗೆರೆಗಳಿರುತ್ತವೆ. ಗುಂಡು ಬುಗುರಿಯ ಹಾಗೆ ತಿರುಗಿಕೊಂಡು ಹೋಗುವುದರಿಂದ ದಾರಿ ತಪ್ಪುವುದು ಕಡಿಮೆ. ನಮ್ಮ ಕೇಪಿನ ಕೋವಿಗಳ ನಳಿಗೆ ಸಾಮಾನ್ಯವಾಗಿ ನುಣುಪು. ಒಂಟಿ ಗುಂಡು ಒಳಗೆ ಅತ್ತಿತ್ತ ಬಡಿದುಕೊಂಡು, ಕೊನೆಗೆ ಯಾವ ಬದಿಗೆ ಬಡಿಯಿತೋ ಅದರ ಮೇಲೆ ದಾರಿ ಹಿಡಿಯುತ್ತದೆ. ಎರಡಕ್ಕೂ ಮದ್ದು ಒಂದೇ: ಗುಂಡಿಗೆ ಬಟ್ಟೆ ಸುತ್ತುವುದು. ಒತ್ತಾಗಿ ನೇಯ್ದ ಹತ್ತಿಬಟ್ಟೆಯ ತುಂಡಿಗೆ ಜೇನುಮೇಣ, ತೆಂಗಿನೆಣ್ಣೆ ಕಾಯಿಸಿದ ಮಿಶ್ರಣ ಹಚ್ಚಿ, ಅದರ ನಡುವೆ ಗುಂಡು ಇಟ್ಟು ಇಳಿಸಿದರೆ ಗುಂಡು ಅಲುಗಾಡುವುದಿಲ್ಲ. ಇದಕ್ಕೆ ಎಂಜಿನ್ ಗ್ರೀಸ್ ಬೇಡ. ಮಸಿಯೊಂದಿಗೆ ಸೇರಿ ಡಾಂಬರಿನ ಹಾಗೆ ಗಟ್ಟಿಯಾಗುತ್ತದೆ.

ಗುರಿ ನೋಡಲು ನಿಂತು ಹೊಡೆಯಬೇಡಿ. ಮರಳಿನ ಚೀಲದ ಮೇಲೆ ಕೋವಿ ಊರಿ, ದೊಡ್ಡ ರಟ್ಟಿಗೆ ಐದು ಈಡು ಹೊಡೆಯಿರಿ. ಪ್ರತಿ ಈಡಿನ ನಂತರ ಒದ್ದೆಬಟ್ಟೆ, ಒಣಬಟ್ಟೆ ಎಳೆಯಿರಿ. ಒಳಗೆ ಕಿಡಿ ಉಳಿದಿದ್ದರೆ ಅದೂ ಆರುತ್ತದೆ. ಮದ್ದನ್ನು ಡಬ್ಬಿಯಿಂದ ನೇರ ನಳಿಗೆಗೆ ಸುರಿಯಲೇಬೇಡಿ. ಅಳತೆ ಪಾತ್ರೆಗೆ ಸುರಿದು, ಡಬ್ಬಿ ಮುಚ್ಚಿ ದೂರವಿಟ್ಟು, ಆಮೇಲೆ ನಳಿಗೆಗೆ. ಕೋವಿ ಮಾಡಿದವರು ಹೇಳಿದ ಅಳತೆ ದಾಟುವ ಹಾಗಿಲ್ಲ. ತೋಟೆ ಒಡೆದು ತೆಗೆದ ಹೊಗೆರಹಿತ ಮದ್ದನ್ನು ಹಾಕಿದರೆ ನಳಿಗೆ ಸಿಡಿಯುತ್ತದೆ, ಅದರಲ್ಲಿ ಸಂಶಯವೇ ಬೇಡ.

ತೋಟದಲ್ಲಿ ಗೊಬ್ಬರವನ್ನೂ ನೀರನ್ನೂ ಒಟ್ಟಿಗೆ ಬದಲಿಸಿದರೆ ಫಸಲು ಯಾವುದರಿಂದ ಬಂತು ಅಂತ ಗೊತ್ತಾಗುತ್ತದೆಯೇ? ಇಲ್ಲೂ ಹಾಗೆಯೇ. ಒಮ್ಮೆ ಬಟ್ಟೆಯ ದಪ್ಪ ಬದಲಿಸಿ, ಐದು ಈಡು ನೋಡಿ, ಬರೆದಿಡಿ. ಇನ್ನೊಮ್ಮೆ ಮದ್ದು ತುಸು ಕಡಿಮೆ ಮಾಡಿ ನೋಡಿ. ತೂತುಗಳು ಹತ್ತಿರ ಹತ್ತಿರ ಬಿದ್ದ ಮೇಲಷ್ಟೇ ನೊಣಕ್ಕೆ ಕೈಹಾಕುವುದು. ಈಡು ಕೆಳಗೆ ಬಿದ್ದರೆ ನಳಿಗೆಯ ತುದಿಯ ನೊಣವನ್ನು ತುಸುವೇ ತಗ್ಗಿಸಬೇಕು. ಎಡಕ್ಕೆ ಬಿದ್ದರೆ ನೊಣವನ್ನೂ ಎಡಕ್ಕೆ ಸರಿಸಬೇಕು.

ಹೊಡೆದ ನಂತರ ಎದುರು ಬಿದ್ದ ಬಟ್ಟೆ ಹೆಕ್ಕಿ ನೋಡಿ. ಅಂಚು ಬಿಚ್ಚಿಕೊಂಡು ಉಳಿದದ್ದು ಇಡಿಯಾಗಿದ್ದರೆ ಎಲ್ಲ ಸರಿ. ಸುಟ್ಟು ತೂತಾಗಿದ್ದರೆ ಬಟ್ಟೆ ತೆಳು, ಅಥವಾ ಮೇಣ ಸಾಲದು. ಕತ್ತರಿಸಿದ ಹಾಗಿದ್ದರೆ ನಳಿಗೆಯಲ್ಲಿ ತುಕ್ಕಿನ ಗರಗಸ ಎದ್ದಿದೆ. ಹೊಗೆಯಾಡುವ ಬಟ್ಟೆ ಬೇಸಿಗೆಯ ತರಗೆಲೆಗೆ ಬೆಂಕಿ ಹಚ್ಚಬಲ್ಲದು. ತುಳಿದು ಆರಿಸಿ.

ಕೇಪು ಹೊಡೆದೂ ಈಡು ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಎರಡು ನಿಮಿಷ ಕಾಯಿರಿ. ತಡವಾಗಿ ಹಾರುವುದುಂಟು. ಇಣುಕಿ ನೋಡಬೇಡಿ.

ಕಬ್ಬಿಣ ಹೇಗಿರಬೇಕು?

ಅಮೆರಿಕದಲ್ಲಿ ಇಂಥ ಹಳೆ ಮಾದರಿಯ ರೈಫಲಿನವರ ರಾಷ್ಟ್ರೀಯ ಸಂಘವೊಂದು 1933ರಿಂದ ಇದೆ. ಇಂಡಿಯಾನಾ ರಾಜ್ಯದ ಫ್ರೆಂಡ್‌ಶಿಪ್ ಎಂಬ ಊರಿನಲ್ಲಿ ಅವರ ಸ್ಪರ್ಧೆಗಳು ನಡೆಯುತ್ತವೆ. ಆ ದೇಶದ ಗುರಿಕಾರರಲ್ಲಿ ಉಕ್ಕಿನ ಹಲಗೆ ತೂಗುಹಾಕಿ ಹೊಡೆಯುವ ರೂಢಿಯೂ ಉಂಟು. ತಾಗಿದರೆ ಸದ್ದಾಗುತ್ತದೆ, ಪ್ರತಿ ಸಲ ಹೋಗಿ ನೋಡಬೇಕಿಲ್ಲ. ಆದರೆ ಆ ಹಲಗೆ ಸಿಕ್ಕಿದ ಗುಜರಿಯಲ್ಲ. ಗುರಿಗೆಂದೇ ಹದ ಮಾಡಿದ ಗಟ್ಟಿ ಉಕ್ಕು, ಚಪ್ಪಟೆ, ನುಣುಪು.

ಕಾರಣ ನಮಗೆ ಅರ್ಥವಾಗದ್ದೇನಲ್ಲ. ಬೋರ್ಡೋ ಸಿಂಪಡಿಸುವ ಪಂಪಿನ ನೀರನ್ನು ಗೋಡೆಗೆ ನೇರ ಬಿಡಿ, ನೀರು ಗೋಡೆಗುಂಟ ಸುತ್ತ ಹರಡುತ್ತದೆ. ಅದನ್ನೇ ಬಾಣಲೆಯ ಒಳಬದಿಗೆ ಬಿಡಿ, ತಿರುಗಿ ನಿಮ್ಮ ಮುಖಕ್ಕೇ ಹಾರುತ್ತದೆ. ಮೆತ್ತಗಿನ ಸೀಸ ಉಕ್ಕಿಗೆ ಬಡಿದಾಗ ಆಗುವುದೂ ಇದೇ. ನನ್ನ ಡಿಸ್ಕ್ ಬಾಣಲೆಯ ಹಾಗೆ ಬಾಗಿತ್ತು. ಮೆದು ಕಬ್ಬಿಣವಾದರೆ ಗುಂಡು ತಾಗಿದಲ್ಲೆಲ್ಲ ಗುಳಿ ಬೀಳುತ್ತದೆ, ಪ್ರತಿ ಗುಳಿಯೂ ಒಂದು ಸಣ್ಣ ಬಾಣಲೆ.

ಹಾಗಾಗಿ ಈಗ ನಾನು ಪಾಲಿಸುವುದು ಇಷ್ಟು:

• ಗುಳಿ, ಬಿರುಕು, ಬಾಗು ಇರುವ ಹಲಗೆಗೆ ಹೊಡೆಯುವುದಿಲ್ಲ.
• ಹಲಗೆಯನ್ನು ಸರಪಳಿಯಲ್ಲಿ ತೂಗುಹಾಕಿ, ಮೇಲಂಚು ನನ್ನ ಕಡೆ ತುಸು ಬಾಗುವಂತೆ ಕಟ್ಟುತ್ತೇನೆ. ಚೂರುಗಳು ನೆಲಕ್ಕಿಳಿಯುತ್ತವೆ.
• 30 ಮೀಟರಿಗಿಂತ ಹತ್ತಿರ ನಿಲ್ಲುವುದಿಲ್ಲ. ಹಲಗೆಯ ಅಕ್ಕಪಕ್ಕ ಯಾರೂ ಇರಕೂಡದು. ನೋಡುವವರೆಲ್ಲ ನನ್ನ ಹಿಂದೆ.
• ಮೆತ್ತಗಿನ ಸೀಸದ ಗುಂಡು ಮಾತ್ರ. ಬೇರಿಂಗಿನ ಗೋಲಿ, ಕಬ್ಬಿಣದ ಚೂರು ಇಡಿಯಾಗಿಯೇ ಪುಟಿದು ಬರುತ್ತದೆ.
• ಹಿಂದೆ ಕಲ್ಲಿಲ್ಲದ ಎತ್ತರದ ಮಣ್ಣಿನ ಬರೆ ಇರಬೇಕು. ಮುರಕಲ್ಲು, ಬಂಡೆ ಆಗದು. ಗುರಿ ತಪ್ಪಿದ ಗುಂಡು ನಿಲ್ಲಬೇಕಾದ್ದು ಅಲ್ಲಿ.
• ಹೊಡೆಯುವವನಿಗೂ ನೋಡುವವರಿಗೂ ಗಟ್ಟಿ ಕನ್ನಡಕ, ಕಿವಿಗೆ ಮುಚ್ಚಳ.
• ಸೀಸ ವಿಷ. ಚೂರು ಹೆಕ್ಕಿ ತೆಗೆಯುತ್ತೇನೆ, ಕೆರೆ-ತೋಡಿನ ಬದಿಯಲ್ಲಿ ಹೊಡೆಯುವುದಿಲ್ಲ. ಕೈ ತೊಳೆಯದೆ ಎಲೆಯಡಿಕೆ ಮುಟ್ಟುವುದಿಲ್ಲ.

ಇಷ್ಟೆಲ್ಲ ಆಗದಿದ್ದರೆ ಕಬ್ಬಿಣವೇ ಬೇಡ. ಕೊಡಗಿನವರನ್ನು ನೋಡಿ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜಿಸುತ್ತಾರೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಸುತ್ತಾರೆ. ಕಾಯಿ ಒಡೆದರೆ ದೂರದಿಂದಲೇ ಕಾಣುತ್ತದೆ, ಉಕ್ಕಿನ ಹಾಗೆ ಸೀಸವನ್ನು ಹೊಡೆದವನ ಕಡೆ ಎರಚುವುದೂ ಇಲ್ಲ. ನಮ್ಮ ತೋಟದಲ್ಲಿ ಇಲಿ ತಿಂದ ಬೊಂಡಕ್ಕೇನು ಬರವೇ?

ಕೊನೆಗೆ ಕಾನೂನಿನ ಮಾತು. ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ ಗುರಿ ಅಭ್ಯಾಸಕ್ಕೆ ಅವಕಾಶ ಉಂಟೋ ಇಲ್ಲವೋ ಅಂತ ಠಾಣೆಯಲ್ಲಿ ಕೇಳಿಕೊಂಡೇ ಶುರುಮಾಡಿ. ಮದುವೆ, ಜಾತ್ರೆಯ ಸಂಭ್ರಮಕ್ಕೆ ಇನ್ನೊಬ್ಬರ ಜೀವಕ್ಕೆ ಅಪಾಯವಾಗುವಂತೆ ಹೊಡೆಯುವುದು 2019ರ ತಿದ್ದುಪಡಿಯ ನಂತರ ಜೈಲಿಗೆ ದಾರಿ. ಕಾಡುಪ್ರಾಣಿಯ ವಿಷಯಕ್ಕೆ 1972ರ ವನ್ಯಜೀವಿ ಕಾಯ್ದೆ ಬೇರೆಯೇ ಉಂಟು. ಬೆಳೆ ಹಾಳಾಯಿತೆಂದು ನಾವೇ ತೀರ್ಮಾನಿಸಿ ಹೊಡೆಯುವ ಹಾಗಿಲ್ಲ.

ಆ ಡಿಸ್ಕನ್ನು ನಾನು ಗುಜರಿಗೆ ಹಿಂದೆ ಕೊಟ್ಟಿಲ್ಲ. ಕೋವಿ ಇಡುವ ಕೋಣೆಯ ಬಾಗಿಲ ಹತ್ತಿರವೇ ತೂಗುಹಾಕಿದ್ದೇನೆ. ಮಗ ಲೈಸೆನ್ಸಿಗೆ ಅರ್ಜಿ ಹಾಕುವ ದಿನ ಅದರ ಗುಳಿಯನ್ನೂ ನನ್ನ ಕೆನ್ನೆಯ ಕಲೆಯನ್ನೂ ಒಟ್ಟಿಗೆ ತೋರಿಸಬೇಕೂಂತ ಇದೆ.