ಮಸಾಡದ ಇಬ್ಬರು ಹೆಂಗಸರು



ಈ ಸಲದ ಓದಿಗೆ ನಾನು ಆರಿಸಿಕೊಂಡಿರುವುದು ಅಮೆರಿಕದ ಲೇಖಕಿ ಆಲಿಸ್ ಹಾಫ್‌ಮನ್ ಅವರ ‘ದ ಡವ್‌ಕೀಪರ್ಸ್’ (2011) ಎಂಬ ಇಂಗ್ಲಿಷ್ ಕಾದಂಬರಿ. ಹೈಸ್ಕೂಲು ಮುಗಿಸುವ ವಯಸ್ಸಿನ ಮಕ್ಕಳ ಜೊತೆ ಕೂತು ಓದಬಹುದು. ಹಿಂಸೆಯ ದೃಶ್ಯಗಳಿವೆ, ಚಿಕ್ಕವರಿಗೆ ಬೇಡ. ಓದುವಾಗ ಒಂದು ಪ್ರಶ್ನೆ ಮನಸ್ಸಿನಲ್ಲಿರಲಿ: ಇದರಲ್ಲಿ ಇತಿಹಾಸ ಎಷ್ಟು, ಕಲ್ಪನೆ ಎಷ್ಟು, ಆ ಕಲ್ಪನೆಗೆ ಜಾಗ ಎಲ್ಲಿಂದ ಸಿಕ್ಕಿತು?

ಮೊದಲು ಹಿನ್ನೆಲೆ. ಇಸ್ರೇಲಿನಲ್ಲಿ, ಮೃತ ಸಮುದ್ರದ ಪಕ್ಕದ ಮರುಭೂಮಿಯಲ್ಲಿ, ಮಸಾಡ ಎಂಬ ಕಡಿದಾದ ಬೆಟ್ಟವಿದೆ. ಮೇಲೆ ಹೆರೋಡ್ ರಾಜ ಕಟ್ಟಿಸಿದ ಕೋಟೆ, ಅರಮನೆ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮನ್ನು ಸುಟ್ಟ ಮೇಲೆ ಯಹೂದಿ ಬಂಡುಕೋರರಿಗೆ ಉಳಿದ ಕೊನೆಯ ನೆಲೆ ಇದು. 73 ಅಥವಾ 74ರಲ್ಲಿ ರೋಮನ್ ಅಧಿಪತಿ ಫ್ಲೇವಿಯಸ್ ಸಿಲ್ವ ಬೆಟ್ಟದ ಸುತ್ತ ಎಂಟು ಶಿಬಿರ ಹಾಕಿ, ಗೋಡೆ ಎಬ್ಬಿಸಿ, ಪಶ್ಚಿಮದ ಕಡೆ ಇಳಿಜಾರು ದಿಬ್ಬ ಕಟ್ಟಿ ಕೋಟೆ ಒಡೆದ.

ಅಂದು ನಡೆದದ್ದನ್ನು ವಿವರವಾಗಿ ಬರೆದಿಟ್ಟವನು ಜೋಸೀಫಸ್ ಒಬ್ಬನೇ. ಅವನೂ ಯಹೂದಿ, ಯುದ್ಧದಲ್ಲಿ ರೋಮನ್ನರಿಗೆ ಶರಣಾಗಿ ಅವರ ಆಶ್ರಯದಲ್ಲಿ ಬರೆದವನು. ಅವನ ಪ್ರಕಾರ, ಸೆರೆಗಿಂತ ಸಾವೇ ಮೇಲೆಂದು ನಾಯಕ ಎಲಿಯಾಜರ್ ತನ್ನವರನ್ನು ಒಪ್ಪಿಸಿದ. ಗಂಡಸರು ಹೆಂಡತಿ ಮಕ್ಕಳನ್ನು ಕೊಂದರು, ಆಮೇಲೆ ಚೀಟಿ ಎತ್ತಿ ತಾವೂ ಸತ್ತರು. ಒಟ್ಟು 960 ಜನ. ಉಳಿದವರು ನೆಲದಡಿಯ ನೀರಿನ ಕಾಲುವೆಯಲ್ಲಿ ಅಡಗಿದ್ದ ಇಬ್ಬರು ಹೆಂಗಸರು, ಐದು ಮಕ್ಕಳು. ರೋಮನ್ನರಿಗೆ ಎಲ್ಲ ಹೇಳಿದವರು ಆ ಹೆಂಗಸರೇ.

ಇಲ್ಲಿ ಸ್ವಲ್ಪ ನಿಲ್ಲೋಣ. ನಾಯಕನ ಭಾಷಣ ಪುಟಗಟ್ಟಲೆ ಇದೆ. ಅದನ್ನು ಕೇಳಿ ಬದುಕುಳಿದವರ ಹೆಸರೇ ಇಲ್ಲ! ಒಬ್ಬಳು ಮುದುಕಿ, ಇನ್ನೊಬ್ಬಳು ಎಲಿಯಾಜರನ ನೆಂಟಳು, ಬಹಳ ತಿಳಿದವಳು, ಇಷ್ಟೇ. (ನಮ್ಮ ಓಬವ್ವನ ಹೆಸರಾದರೂ ಜನರ ಬಾಯಲ್ಲಿ ಉಳಿಯಿತು.) ಸಾಯೋಣವೇ ಎಂದು ಹೆಂಗಸರನ್ನು ಯಾರೂ ಕೇಳಿದ ಹಾಗಿಲ್ಲ. ಇವರಿಬ್ಬರು ಮಾತ್ರ ಮಕ್ಕಳನ್ನು ಕರೆದುಕೊಂಡು ಇಳಿದುಬಿಟ್ಟರು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಎದೆಗಾರಿಕೆಯ ಕೆಲಸ ಇದೇ.

ಹಾಫ್‌ಮನ್ ಕಾದಂಬರಿ ನಿಂತಿರುವುದು ಈ ಖಾಲಿ ಜಾಗದಲ್ಲಿ. ಯಾಯೆಲ್, ರೆವ್ಕಾ, ಅಜೀಜಾ, ಶಿರಾ ಎಂಬ ನಾಲ್ವರು ಕೋಟೆಯ ಪಾರಿವಾಳಗಳನ್ನು ನೋಡಿಕೊಳ್ಳುತ್ತಾ ಒಬ್ಬೊಬ್ಬರು ಒಂದೊಂದು ಭಾಗ ಹೇಳುತ್ತಾರೆ. ನಾಲ್ವರೂ ಕಲ್ಪಿತರು. ಮಂತ್ರ ತಾಯತ ಕೊಂಚ ಜಾಸ್ತಿಯಾಯಿತು ಅನ್ನಿಸಿತು. ರೊಟ್ಟಿ ಸುಡುವವನ ಹೆಂಡತಿ ರೆವ್ಕಾ ಹೇಳುವ ಭಾಗವೇ ನನಗೆ ಹೆಚ್ಚು ಹಿಡಿಸಿತು.

ಇನ್ನು ಮುತ್ತಿಗೆಯ ದಿನಗಳು. ಎಂಜಿನಿಯರ್ ಬುದ್ಧಿ ಸುಮ್ಮನಿರುವುದಿಲ್ಲ, ಲೆಕ್ಕ ಹಾಕಿದೆ. ಬಂಡೆಯಲ್ಲಿ ಕೊರೆದ ತೊಟ್ಟಿಗಳು ಸುಮಾರು 40,000 ಘನ ಮೀಟರ್ ಮಳೆನೀರು ಹಿಡಿಯುತ್ತಿದ್ದವು, ಅಂದರೆ 4 ಕೋಟಿ ಲೀಟರ್. ತುಂಬಿದ್ದರೆ, ಸಾವಿರ ಜನ ದಿನಕ್ಕೆ ತಲಾ 10 ಲೀಟರ್ ಬಳಸಿದರೂ ಹತ್ತು ವರ್ಷಕ್ಕೆ ಸಾಕು! ಆದರೆ ದೊಡ್ಡ ತೊಟ್ಟಿಗಳು ಇದ್ದದ್ದು ಕೆಳಗೆ, ಬೆಟ್ಟದ ಇಳಿಜಾರಿನಲ್ಲಿ. ನೀರನ್ನು ಮೇಲಕ್ಕೆ ಹೊರಬೇಕಿತ್ತು. ಶತ್ರು ಕೆಳಗೆ ಕೂತಾಗ ಬಿಂದಿಗೆ ಹೊತ್ತವರು ಯಾರು? ಜೋಸೀಫಸ್ ಬರೆಯಲಿಲ್ಲ. ಇಂಥದ್ದನ್ನೇ ಕಾದಂಬರಿ ತುಂಬಿಸುತ್ತದೆ. ಮುತ್ತಿಗೆಯೂ ಬಹುಕಾಲ ನಡೆಯಲಿಲ್ಲ, ಕೆಲವೇ ವಾರಗಳಲ್ಲಿ ಮುಗಿದಿರಬೇಕು ಎಂದು 2024ರ ಒಂದು ಅಧ್ಯಯನ ಹೇಳುತ್ತದೆ.

1963ರಿಂದ 65ರವರೆಗೆ ಯಿಗೆಲ್ ಯಾದಿನ್ ಅಲ್ಲಿ ಉತ್ಖನನ ಮಾಡಿದರು. 960 ಜನರ ಅಸ್ಥಿ ಸಿಗಲಿಲ್ಲ, ಮೂವತ್ತೂ ದಾಟಲಿಲ್ಲ. ಸಾಮೂಹಿಕ ಸಾವಿನ ಕಥೆಯನ್ನು ಅನುಮಾನಿಸುವ ವಿದ್ವಾಂಸರಿದ್ದಾರೆ. ಆದರೆ ನೂಲುವ ಕದಿರಿನ ಬಿಲ್ಲೆಗಳು ಸಿಕ್ಕಿವೆ. ಅರಮನೆಯ ಸ್ನಾನಗೃಹದ ಬಳಿ ಹೆಣೆದ ಹಾಗೇ ಉಳಿದ ಹೆಣ್ಣಿನ ಜಡೆ ಸಿಕ್ಕಿದೆ, ಚಪ್ಪಲಿಯೂ ಸಿಕ್ಕಿದೆ.

ಮನೆಪಾಠ: ಜೋಸೀಫಸ್‌ನ ‘ಯಹೂದಿ ಯುದ್ಧ’ದ ಇಂಗ್ಲಿಷ್ ಅನುವಾದ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಕಾದಂಬರಿಗೆ ಮೊದಲು ಅದರ ಏಳನೇ ಸಂಪುಟದ ಮಸಾಡ ಭಾಗ ಓದಿ, ಹೆಂಗಸರು ಬರುವ ಸಾಲುಗಳನ್ನು ಮಕ್ಕಳು ಎಣಿಸಲಿ. ಕಾದಂಬರಿ ಮುಗಿದ ಮೇಲೆ, ಕಾಲುವೆಯಿಂದ ಹೊರಬಂದ ಆ ಮುದುಕಿ ರೋಮನ್ ಸೈನಿಕನಿಗೆ ಏನು ಹೇಳಿರಬಹುದೆಂದು ಒಂದು ಪುಟ ಬರೆಯಲಿ. ಕನ್ನಡದಲ್ಲಿ ಬರೆದರೆ ಇನ್ನೂ ಸಂತೋಷ. ಕಾಗುಣಿತ ತಪ್ಪಿದರೂ ಪರವಾಗಿಲ್ಲ, ಕಳಿಸಿ.