‘ನೀಟು’ ಎಂಬ ಪದದ ಎರಡು ಬೇರುಗಳು

‘ನೀಟಾಗಿ ಬರೆಯಿರಿ’ ಎಂಬ ಸೂಚನೆಯನ್ನು ಕೊಡದ ಶಿಕ್ಷಕರು ವಿರಳ. ‘ನೀಟು’ ಇಂಗ್ಲಿಷಿನಿಂದ ಬಂದ ಪದವೆಂದು ಹೇಳಿ ಮುಂದುವರಿಯುವುದು ರೂಢಿ. ಆ ಮಾತು ಅರ್ಧ ಮಾತ್ರ ಸರಿ.

ಇಂಗ್ಲಿಷಿನ ‘ನೀಟ್’ ಲ್ಯಾಟಿನ್ನಿನ ‘ನಿಟಿಡುಸ್’ ಎಂಬುದರಿಂದ, ಫ್ರೆಂಚಿನ ಮೂಲಕ ಬಂದಿತು. ‘ನಿಟಿಡುಸ್’ ಎಂದರೆ ಹೊಳೆಯುವಂಥದು. ಹೊಳೆಯುವುದು ಕೊಳೆಯಿಲ್ಲದ್ದು, ಕೊಳೆಯಿಲ್ಲದ್ದು ಬೆರಕೆಯಿಲ್ಲದ್ದು. ಅರ್ಥ ಹೀಗೆ ಸರಿಯುತ್ತ ಹೋಯಿತು. ಅಂಗಡಿಯ ಪೊಟ್ಟಣದ ಮೇಲಿನ ‘ನೆಟ್ ತೂಕ’ ಎಂಬಲ್ಲಿನ ‘ನೆಟ್’ ಇದರ ಒಡಹುಟ್ಟು: ಹೊದಿಕೆಯ ತೂಕ ಕಳೆದು ಉಳಿದ ಅಪ್ಪಟ ಪದಾರ್ಥ. ಮೀನುಬಲೆಯ ‘ನೆಟ್’ಗೂ ಇದಕ್ಕೂ ನಂಟಿಲ್ಲ.

ಕನ್ನಡದಲ್ಲಾದರೋ ‘ನೀಟ’ ಎಂಬ ದೇಶ್ಯ ಪದವೊಂದು ಮೊದಲೇ ಇದೆ. ‘ನೀಟಾದ ಮೂಗು’, ‘ನೀಟಾದ ಕೋಲು’ ಎಂಬಲ್ಲಿ ಅದಕ್ಕೆ ನೇರವಾದ, ಉದ್ದವಾದ ಎಂದರ್ಥ. ‘ನೀಳ’ ಅದರ ಹತ್ತಿರದ ಬಂಧು. ಹೊಸೂರು, ತಾಳವಾಡಿಯ ಮಕ್ಕಳು ತಮಿಳಿನಲ್ಲಿಯೂ ಕಾಸರಗೋಡಿನ ಮಕ್ಕಳು ಮಲಯಾಳದಲ್ಲಿಯೂ ಕೇಳುವ, ಚಾಚು ಎಂಬರ್ಥದ ‘ನೀಟ್ಟು’ ಇದೇ ಮನೆತನದ್ದು. ಸೊಲ್ಲಾಪುರ, ಜತ್ತ ಕಡೆಯ ಮಕ್ಕಳ ಕಿವಿಗೆ ಬೀಳುವ ಮರಾಠಿಯ ‘ನೀಟ್ ಬಸ್’ ಎಂಬುದರಲ್ಲಿಯೂ ಇಂಗ್ಲಿಷ್ ಇಲ್ಲ. ಸರಿಯಾಗಿ, ನೆಟ್ಟಗೆ ಕುಳಿತುಕೋ ಎಂದು ಅದರ ಭಾವ.

ನಮ್ಮ ಇಂದಿನ ‘ನೀಟಾಗಿ’ ಎಂಬ ಬಳಕೆಯಲ್ಲಿ ಹೊಳಪಿನ ಪದವೂ ನೇರದ ಪದವೂ ಬೆರೆತಿವೆ ಎಂಬುದು ನನ್ನ ಅಭಿಪ್ರಾಯ. ಇದು ಬರಿಯ ಪದಕುತೂಹಲವಲ್ಲ. ಶಿಕ್ಷಕರ ಮನಸ್ಸಿನಲ್ಲಿ ಇರುವುದು ಚಿತ್ತುಕಾಟಿಲ್ಲದ ಪುಟ. ಮನೆಯಲ್ಲಿ ಮರಾಠಿಯಾಡುವ ಮಗುವಾದರೋ ಸಾಲನ್ನು ನೆಟ್ಟಗಿರಿಸಿ, ತಪ್ಪನ್ನು ಹೊಡೆದುಹಾಕಿ, ಸರಿಯಾದುದನ್ನು ಮೇಲೆ ಬರೆದು, ಹೇಳಿದಂತೆಯೇ ಮಾಡಿದೆನೆಂದು ನಂಬಿರಬಹುದು. ಅಂಕ ಕಳೆದುದೇಕೆಂದು ಅದಕ್ಕೆ ಹೊಳೆಯದು.

ಓರಣ, ಚೊಕ್ಕಟ, ಅಚ್ಚುಕಟ್ಟು ಎಂಬ ಪದಗಳನ್ನು ಇಲ್ಲಿ ಬಳಸಿಕೊಳ್ಳಬಹುದು. ಓರಣ ಸಾಲಿನ ಗುಣ, ಚೊಕ್ಕಟದಲ್ಲಿ ಕೊಳೆಯಿಲ್ಲ, ಅಚ್ಚುಕಟ್ಟಿನಲ್ಲಿ ಅಳತೆಯೂ ಜೋಡಣೆಯೂ ಇವೆ. (ಕೆರೆಯ ನೀರುಣ್ಣುವ ಭೂಮಿಗೂ ‘ಅಚ್ಚುಕಟ್ಟು’ ಎನ್ನುತ್ತೇವೆ. ತೆಲುಗಿನಲ್ಲಿ ಅದು ‘ಆಯಕಟ್ಟು’. ಮಡಕಶಿರಾ ಕಡೆಯ ತರಗತಿಯಲ್ಲಿ ಈ ಜೋಡಿಯೊಂದರಿಂದಲೇ ಅರ್ಧ ಪಾಠ ಸಾಗೀತು.) ನೋಟುಪುಸ್ತಕದಲ್ಲಿ ‘ನೀಟಾಗಿಲ್ಲ’ ಎಂದು ಷರಾ ಬರೆಯುವಲ್ಲಿ ‘ಸಾಲು ಓರೆಯಾಗಿದೆ’, ‘ಪುಟಕ್ಕೆ ಮಸಿ ಹತ್ತಿದೆ’, ‘ಪದಗಳ ನಡುವೆ ಅಂತರ ಸಾಲದು’ ಎಂದು ಬರೆದರೆ, ಮರುದಿನ ತಿದ್ದಿಕೊಳ್ಳಬೇಕಾದುದು ಯಾವುದೆಂದು ಮಗುವಿಗೆ ತಿಳಿಯುತ್ತದೆ.